ಮೂರು ಡಬ್ಬಿ, ಒಂದು ಉಂಡಿ, ಇಡೀ ಬಳಗದ ಜಗಳ

ಗುಂಪು: ನಮ್ಮ ಬಳಗ (ಮುಂಬೈ–ಪುಣೆ–ಗೋವಾ)

ಸುಧೀರ ಕಾಕಾ, ಡೊಂಬಿವಲಿ: (ಫಾರ್ವರ್ಡ್) ನೂರಕ್ಕೆ 99 ಮಂದಿ ತಪ್ಪುವ ಒಗಟು!! ಮೂರು ಡಬ್ಬಿ. ಒಂದರಲ್ಲಿ ಬೇಸನ್ ಉಂಡಿ, ಎರಡು ಖಾಲಿ. ನೀವು ಒಂದನೇ ಡಬ್ಬಿ ಮೇಲೆ ಕೈ ಇಟ್ಟಿರಿ. ಉಂಡಿ ಇಟ್ಟವನು ಮೂರನೇ ಡಬ್ಬಿ ತೆಗೆದ. ಖಾಲಿ. ಈಗ ಕೈಯನ್ನು ಎರಡನೇದಕ್ಕೆ ಬದಲಿಸಿದರೆ ಲಾಭವೇ? ಉತ್ತರ: ಹೌದು, ದುಪ್ಪಟ್ಟು!!

ಸುಧೀರ ಕಾಕಾ: ಈ ಉತ್ತರ ಶುದ್ಧ ತಪ್ಪು. ಉಳಿದದ್ದು ಎರಡೇ ಡಬ್ಬಿ. ಒಂದರಲ್ಲಿ ಇದೆ, ಒಂದರಲ್ಲಿ ಇಲ್ಲ. ಅರ್ಧಕ್ಕರ್ಧ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ನೋಡಿದವನು ಹೇಳ್ತಿದ್ದೇನೆ.

ಪ್ರಹ್ಲಾದ ಮಾಮಾ, ಮಡಗಾಂವ್: ಸುಧೀರರಾವ್ ಹೇಳಿದ್ದಕ್ಕೆ ನನ್ನ ಸಹಿ.

ಅನಘಾ, ಕೋಥ್ರೂಡ್: ಕಾಕಾ, ಉತ್ತರ ಸರಿ ಇದೆ. ಇದು ಹಳೇ ಜಗಳ. 1975ರಲ್ಲಿ ಸ್ಟೀವ್ ಸೆಲ್ವಿನ್ ಅನ್ನುವವರು ಇದನ್ನು ಅಮೆರಿಕದ ಸಂಖ್ಯಾಶಾಸ್ತ್ರದ ಪತ್ರಿಕೆಯೊಂದಕ್ಕೆ ಬರೆದಿದ್ದರು. ಅಲ್ಲಿ ಟಿವಿ ಆಟ ನಡೆಸುತ್ತಿದ್ದ ಮಾಂಟಿ ಹಾಲ್ ಹೆಸರೇ ಇದಕ್ಕೆ ಅಂಟಿಕೊಂಡಿತು. ಆಮೇಲೆ 1990ರಲ್ಲಿ ಮೆರಿಲಿನ್ ವೋಸ್ ಸಾವಂತ್ ತಮ್ಮ ಅಂಕಣದಲ್ಲಿ 'ಬದಲಿಸಿ' ಅಂತ ಬರೆದರು. ಸುಮಾರು 10,000 ಪತ್ರ ಬಂದವು. ಅದರಲ್ಲಿ ಹತ್ತಿರ ಹತ್ತಿರ 1,000 ಪಿಎಚ್‌ಡಿ ಆದವರದು. ಬಹಳ ಜನ ನೀವೇ ತಪ್ಪು ಅಂತ ಆಕೆಗೆ ಬೈದಿದ್ದರು.

ಪ್ರಹ್ಲಾದ ಮಾಮಾ: ಸಾವಂತ್? ನಮ್ಮ ಪಕ್ಕದ ಸಾವಂತವಾಡಿಯವರಾ?

ಅನಘಾ: ಇಲ್ಲ ಮಾಮಾ, ಅಮೆರಿಕದವರು. ಈಗ ನೋಡಿ. ನೀವು ಯಾವಾಗಲೂ ಒಂದನೇ ಡಬ್ಬಿಯನ್ನೇ ಹಿಡಿಯುತ್ತೀರಿ ಅಂದುಕೊಳ್ಳಿ. ಉಂಡಿ ಒಂದರಲ್ಲೇ ಇದ್ದರೆ ಬದಲಿಸಿದವರು ಕೆಟ್ಟರು. ಎರಡರಲ್ಲಿ ಇದ್ದರೆ ಅವನು ಮೂರನ್ನೇ ತೆಗೆಯಬೇಕು, ಬೇರೆ ದಾರಿ ಇಲ್ಲ, ಬದಲಿಸಿದರೆ ಉಂಡಿ ನಿಮ್ಮದು. ಮೂರರಲ್ಲಿ ಇದ್ದರೆ ಎರಡನ್ನು ತೆಗೆಯುತ್ತಾನೆ, ಆಗಲೂ ಬದಲಿಸಿದವರದ್ದೇ. ಮೂರರಲ್ಲಿ ಎರಡು ಸಲ ಗೆಲುವು.

ಗುರು, ಮುಲುಂಡ್: ನೂರು ಡಬ್ಬಿ ಅಂತ ಯೋಚಿಸಿ ಕಾಕಾ. ನೀವು ಒಂದು ಹಿಡಿದಿರಿ, ಅವನು 98 ಖಾಲಿ ಡಬ್ಬಿ ತೆಗೆದು ತೋರಿಸಿ ಒಂದನ್ನು ಮಾತ್ರ ಮುಚ್ಚೇ ಇಟ್ಟ. ಆಗಲೂ ನಿಮ್ಮ ಡಬ್ಬಿಗೇ ಅಂಟಿಕೊಂಡು ಕೂರುತ್ತೀರಾ?

ಸುಧೀರ ಕಾಕಾ: ಇವಳು 'ಮೂರನ್ನೇ ತೆಗೆಯಬೇಕು' ಅಂದಳು. ಯಾಕೆ ತೆಗೆಯಬೇಕು? ಉಂಡಿ ಎಲ್ಲಿದೆ ಅಂತ ಅವನಿಗೆ ನೆನಪಿದೆ, ಬೇಕಂತಲೇ ಖಾಲಿ ಡಬ್ಬಿ ತೆಗೆಯುತ್ತಾನೆ ಅಂತ ಫಾರ್ವರ್ಡ್‌ನಲ್ಲಿ ಎಲ್ಲಿ ಬರೆದಿದೆ? ಅವನು ಸುಮ್ನೆ ಯಾವುದೋ ಒಂದನ್ನು ತೆಗೆದಿರಬಹುದಲ್ವಾ, ಅದೃಷ್ಟಕ್ಕೆ ಖಾಲಿ ಸಿಕ್ಕಿರಬಹುದು.

ವಿದ್ಯಾ ವೈನಿ, ಠಾಣೆ: ಕಾಕಾ ಸಿಕ್ಸರ್ ಹೊಡೆದರು.

ಅನಘಾ: ಹೊಡೆದರು, ನಿಜ. ಕಣ್ಣು ಮುಚ್ಚಿ ತೆಗೆದಿದ್ದರೆ ಕೆಲವು ಸಲ ಉಂಡಿಯೇ ಹೊರಗೆ ಬಂದು ಆಟ ಕೆಡುತ್ತಿತ್ತು. ಕೆಡದೆ ಉಳಿದ ಸಲಗಳಲ್ಲಿ ಕಾಕಾ ಹೇಳಿದ ಅರ್ಧಕ್ಕರ್ಧವೇ ಸರಿ. ಅವನಿಗೆ ಗೊತ್ತಿದ್ದು, ನೀವು ಹಿಡಿದ ಡಬ್ಬಿ ಬಿಟ್ಟು ಖಾಲಿಯದನ್ನೇ ತೆಗೆಯುವುದು ಆಟದ ನಿಯಮ ಆಗಿದ್ದರೆ ಮಾತ್ರ ದುಪ್ಪಟ್ಟು. ಎರಡೂ ಸಲ ಕಣ್ಣಿಗೆ ಕಾಣುವುದು ಒಂದೇ, ಲೆಕ್ಕ ಮಾತ್ರ ಬೇರೆ. ಈ ಫಾರ್ವರ್ಡ್ ಮಾಡುವವರ ಮೇಲೆ ನನ್ನ ಸಿಟ್ಟು ಇದೇ. ನಿಯಮ ಇರುವ ಸಾಲನ್ನೇ ನುಂಗಿಬಿಡುತ್ತಾರೆ, ಆಮೇಲೆ 99 ಮಂದಿ ದಡ್ಡರು ಅಂತ ತಲೆಬರಹ ಹಾಕುತ್ತಾರೆ. ಜನ ಯೋಚಿಸಿಯೇ ಇರುತ್ತಾರೆ, ಆದರೆ ಬೇರೆ ಒಗಟಿಗೆ.

ಸುಧೀರ ಕಾಕಾ: ಅಂದರೆ ನಾನು ಸರಿ.

ಗುರು: ಅಂದರೆ ನೀವು ಕಳಿಸಿದ್ದು ಅರ್ಧ ಒಗಟು.

ಪ್ರಹ್ಲಾದ ಮಾಮಾ: ಆ ಲಾಡ್ಜಿನ ಲೆಕ್ಕ ಇದಕ್ಕಿಂತ ವಾಸಿ. ಮೂರು ಗೆಳೆಯರು ತಲಾ 10 ಕೊಟ್ಟರು, 30. ಮ್ಯಾನೇಜರ್ 5 ವಾಪಸ್ ಕಳಿಸಿದ, ಹುಡುಗ 2 ಜೇಬಿಗೆ ಹಾಕಿ ಒಬ್ಬೊಬ್ಬರಿಗೆ 1 ಕೊಟ್ಟ. ಮೂರು 9, 27. ಹುಡುಗನ 2 ಸೇರಿ 29. ಒಂದು ರೂಪಾಯಿ ಎಲ್ಲಿ?

ಸುಧೀರ ಕಾಕಾ: ಎಲ್ಲೂ ಹೋಗಿಲ್ಲ. ಆ 2 ರೂಪಾಯಿ 27ರ ಒಳಗೇ ಇದೆ, 25 ಮ್ಯಾನೇಜರ್‌ದು, 2 ಹುಡುಗನದು. ಅದನ್ನು ಮತ್ತೆ ಕೂಡಿಸುವವನನ್ನು ಕೌಂಟರಿನಲ್ಲಿ ಕೂರಿಸಬಾರದು. ಮುಂದೆ.

ವಿದ್ಯಾ ವೈನಿ: ಇದಕ್ಕಿಂತ ನಮ್ಮ ಅಜ್ಜಿಯರ ಒಗಟೇ ಚೆಂದ. 'ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ.' ಮಲ್ಲಿಗೆ. ನಿಯಮ ಇಲ್ಲ, ಪತ್ರ ಇಲ್ಲ, ಪಿಎಚ್‌ಡಿ ಇಲ್ಲ.

ಪ್ರಹ್ಲಾದ ಮಾಮಾ: ನಂದಿಬಟ್ಟಲು ಯಾಕೆ ಆಗಬಾರದು? ನಮ್ಮ ಅಂಗಳದಲ್ಲಿ ಗಿಡದ ತುಂಬಾ ಬಿಳಿ.

ವಿದ್ಯಾ ವೈನಿ: ಮಾಮಾ, ನೀವು ದಾದರ್ ಹೂವಿನ ಮಾರ್ಕೆಟ್ಟಿಗೆ ಬನ್ನಿ, ಮೊಗ್ರಾ ರಾಶಿ ನೋಡಿ, ಆಮೇಲೆ ಮಾತಾಡಿ.

ಗುರು: ರಾಶಿಯಲ್ಲಿ ಗಿಡ ಎಲ್ಲಿದೆ ವೈನಿ?

ಸುಧೀರ ಕಾಕಾ: ಇದಕ್ಕೆ ಯಾರೂ ತಕರಾರು ತೆಗೆಯಲಾರರು. ಕೋಣೆಯೊಳಗೆ ಒಂದು ಬಲ್ಬ್, ಹೊರಗೆ ಮೂರು ಸ್ವಿಚ್, ಒಂದು ಮಾತ್ರ ಬಲ್ಬಿನದು. ಒಳಗೆ ಒಂದೇ ಸಲ ಹೋಗಬಹುದು. ಯಾವ ಸ್ವಿಚ್?

ಗುರು: ಒಂದನೇದನ್ನು ಸ್ವಲ್ಪ ಹೊತ್ತು ಹಾಕಿ ಆರಿಸಿ, ಎರಡನೇದನ್ನು ಹಾಕಿ ಒಳಗೆ ಹೋಗುವುದು. ಉರಿಯುತ್ತಿದ್ದರೆ ಎರಡನೇದು. ಆರಿದ್ದು ಬಿಸಿ ಇದ್ದರೆ ಒಂದನೇದು. ತಣ್ಣಗಿದ್ದರೆ ಮೂರನೇದು.

ಅನಘಾ: ಹಳೇ ತಂತಿ ಬಲ್ಬಿಗೆ ಸರಿ. ಎಲ್‌ಇಡಿ ಬಲ್ಬಿನ ಮೇಲ್ಭಾಗ ಅಷ್ಟು ಬಿಸಿ ಆಗಲ್ಲ.

ಸುಧೀರ ಕಾಕಾ: ಬುಡ ಮುಟ್ಟಿ ನೋಡು. ಬುಡ ಬಿಸಿ ಆಗುತ್ತೆ.

ವಿದ್ಯಾ ವೈನಿ: ಕಾಕಾ, ಆ ಕೋಣೆಯಲ್ಲಿ ಸ್ಟೂಲ್ ಇದೆಯಾ ಇಲ್ವಾ, ಮೊದಲು ಅದನ್ನು ಹೇಳಿ.