ಗೋವಿನಜೋಳದ (ಮೆಕ್ಕೆಜೋಳ) ಸುಳಿಯಲ್ಲಿ ಹುಳದ ಲದ್ದಿ ಕಾಣ್ತಿದೆ, ಈಗಲೇ ಎಣ್ಣೆ (ಕೀಟನಾಶಕ) ಹೊಡೆಯಬೇಕಾ?

ಬದುವಿನ ಮೇಲೆ:
ಎಲ್ಲರಿಗೂ ನಮಸ್ಕಾರ. ನಮ್ಮದು ರಾಣೆಬೆನ್ನೂರು ಕಡೆ. ಮೂರು ಎಕರೆ ಗೋವಿನಜೋಳ ಇದೆ, ಇವತ್ತಿಗೆ 28 ದಿನ. ಅಪ್ಪನಿಗೆ ಮೊಣಕಾಲು ನೋವು, ಅದಕ್ಕೆ ಈ ಸಲ ಹೊಲ ನನ್ನ ಪಾಲಿಗೆ ಬಂದಿದೆ. ನಿನ್ನೆ ರಸ್ತೆ ಪಕ್ಕದ ಸಾಲು ನೋಡಿದರೆ ಎಲೆ ತುಂಬಾ ತೂತು, ಸುಳಿಯಲ್ಲಿ, ಅಂದರೆ ಗಿಡದ ನಡುವೆ ಸುತ್ತಿಕೊಂಡ ಎಳೆ ಎಲೆಯೊಳಗೆ, ಒದ್ದೆ ಕಟ್ಟಿಗೆ ಪುಡಿ ತರ ಲದ್ದಿ. ಅಂಗಡಿಯವರು ಫೋಟೋ ನೋಡಿ ಮೂರು ಔಷಧ ಕೂಡಿಸಿ ಹೊಡಿ ಅಂದರು. ಒಂದು ಹುಳಕ್ಕೆ, ಒಂದು ಟಾನಿಕ್, ಮೂರನೆಯದು ಯಾಕೋ ಅವರಿಗೂ ಗೊತ್ತಿದ್ದಂಗಿರಲಿಲ್ಲ. ಕೆಳಗಿನ ಎಲೆ ಹಳದಿ ಬೇರೆ ಆಗ್ತಿದೆ. ಅದೂ ಹುಳದ ಕೆಲಸಾನಾ?

ದಾವಣಗೆರೆ ಮೆಕ್ಕೆಜೋಳ:
ತಮ್ಮಾ, ರಸ್ತೆ ಪಕ್ಕದ ಸಾಲು ನೋಡಿ ಇಡೀ ಹೊಲದ ಲೆಕ್ಕ ಹಾಕಬೇಡ. ಬೆಳಿಗ್ಗೆ ಬಿಸಿಲು ಏರೋ ಮುಂಚೆ ಹೋಗು. ಅಂಚಿನ ನಾಲ್ಕೈದು ಸಾಲು ಬಿಟ್ಟು ಒಳಗೆ ನುಗ್ಗಿ, ಅಂಕುಡೊಂಕಾಗಿ ನಡೆದು ಐದು ಕಡೆ ನಿಲ್ಲು. ಒಂದೊಂದು ಕಡೆ ಸಾಲಾಗಿ 20 ಗಿಡ, ಆರಿಸಬಾರದು, ಚೆನ್ನಾಗಿರೋದೂ ಲೆಕ್ಕಕ್ಕೆ ಬರಬೇಕು. ಒಟ್ಟು 100 ಗಿಡ ಆಯ್ತಲ್ವಾ, ಎಷ್ಟರಲ್ಲಿ ಹುಳ ಇದೆಯೋ ಅದೇ ಶೇಕಡಾ.

ಇನ್ನೊಂದು ಮಾತು, ಎಲೆ ಮೇಲಿನ ತೂತು ಹಳೇ ಸುದ್ದಿ. ಎಲೆ ಸುಳಿಯೊಳಗೆ ಸುತ್ತಿಕೊಂಡಿದ್ದಾಗ ಹುಳ ತಿಂದಿರುತ್ತೆ, ಬಿಚ್ಚಿಕೊಂಡ ಮೇಲೆ ಅಡ್ಡಕ್ಕೆ ಸಾಲು ತೂತು ಕಾಣುತ್ತೆ. ಅಷ್ಟರಲ್ಲಿ ಹುಳ ಮಣ್ಣಿಗೆ ಇಳಿದು ಕೋಶ ಆಗಿದ್ದರೂ ಆಗಿರಬಹುದು. ಸುಳಿ ಬಿಡಿಸಿ ನೋಡು. ಲದ್ದಿ ಹಸಿಯಾಗಿದ್ದರೆ ಹುಳ ಒಳಗಿದೆ, ಒಣಗಿ ಕಂದಾಗಿದ್ದರೆ ಖಾಲಿ ಮನೆ. ಹುಳದ ತಲೆ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕಿ ಇದ್ದರೆ ಅದೇ 2018ರಲ್ಲಿ ಶಿವಮೊಗ್ಗ ಕಡೆ ಮೊದಲು ಕಂಡ ಫಾಲ್ ಸೈನಿಕ ಹುಳು. ಆ ವರ್ಷ ನಾವೆಲ್ಲ ಸುಮ್ನೆ ಕಂಡಿದ್ದೆಲ್ಲ ಹೊಡೆದು ದುಡ್ಡು ಕಳಕೊಂಡೆವು.

ಮಣ್ಣಿನ ಮಗಳು:
ಅಣ್ಣ ಹೇಳಿದ್ದು ಸರಿ. ಮೂರು ವಾರ ದಾಟಿದ ಬೆಳೆಗೆ ನೂರಕ್ಕೆ ಹತ್ತು ಗಿಡ ಮೀರಿ ಹುಳ ಇದ್ದರೆ ಮಾತ್ರ ಔಷಧ. ಆಗಲೂ ಒಂದೇ ಸಾಕು. ಹುಳದ ಔಷಧ ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ (ನೀರಲ್ಲಿ ಕರಗೋ ಹರಳು) ಲೀಟರಿಗೆ 0.4 ಗ್ರಾಂ, ಅಂದರೆ 16 ಲೀಟರ್ ಪಂಪಿಗೆ ಆರೂವರೆ ಗ್ರಾಂ. ಸಂಜೆ ಹೊಡೆಯಿರಿ, ನಾಜಲ್ ನೇರ ಸುಳಿಗೆ ಬಗ್ಗಿಸಿ. ದೊಡ್ಡ ಹುಳ ತನ್ನ ಲದ್ದಿಯನ್ನೇ ಮುಚ್ಚಳ ಮಾಡಿಕೊಂಡು ಕೆಳಗೆ ಕೂತಿರುತ್ತೆ, ಮೇಲಿಂದ ಬೀಸಿಕೊಂಡು ಹೋದರೆ ಅದಕ್ಕೆ ಏನೂ ತಾಗಲ್ಲ. ಮೈ, ಮುಖ ಮುಚ್ಚಿಕೊಂಡೇ ಹೊಡೀರಿ.

ಹಳದಿಗೂ ಹುಳಕ್ಕೂ ಸಂಬಂಧ ಇಲ್ಲ. ಕೆಳಗಿನ ಎಲೆಯ ತುದಿಯಿಂದ ನಡುನರದ ಗುಂಟ ಒಳಕ್ಕೆ ಹಳದಿ ಇಳಿದಿದ್ದರೆ ಸಾರಜನಕ ಸಾಲ್ತಿಲ್ಲ. ಮೇಲುಗೊಬ್ಬರ, ಅಂದರೆ ಯೂರಿಯಾ, ಹಾಕಿದ್ದೀರಾ? ಎಳೆ ಎಲೆಯ ಬುಡದಲ್ಲಿ ಬಿಳಿ ಪಟ್ಟಿ ಇದ್ದರೆ ಅದು ಸತುವಿನ (ಜಿಂಕ್) ಕೊರತೆ, ಅದರ ಮಾತೇ ಬೇರೆ.

ಬದುವಿನ ಮೇಲೆ:
ಇವತ್ತು ಆರು ಗಂಟೆಗೇ ಹೋಗಿದ್ದೆ, ಪ್ಯಾಂಟ್ ಪೂರ್ತಿ ತೊಯ್ದುಹೋಯ್ತು. 100ರಲ್ಲಿ ತೂತು ಇದ್ದದ್ದು 31, ಹಸಿ ಲದ್ದಿ, ಹುಳ ಸಿಕ್ಕಿದ್ದು ಬರೀ 7! ಅದರಲ್ಲೂ 4 ರಸ್ತೆ ಪಕ್ಕ ನಿಂತ ಜಾಗದಲ್ಲೇ. ಇನ್ನು ಎರಡು ಹುಳ ಎಲೆಗೆ ಅಂಟಿಕೊಂಡು ಸತ್ತಿದ್ದವು, ಸುಣ್ಣ ಬಳಿದ ಹಾಗೆ ಬೆಳ್ಳಗೆ, ಮುಟ್ಟಿದರೆ ಗಟ್ಟಿ. ಯೂರಿಯಾ ಇನ್ನೂ ಹಾಕಿಲ್ಲ ಅಕ್ಕಾ, ಮಳೆ ಬಿಡ್ತಾನೇ ಇಲ್ಲ.

ದಾವಣಗೆರೆ ಮೆಕ್ಕೆಜೋಳ:
ಆ ಬಿಳಿ ಹುಳ ಕೀಳಬೇಡ, ಅಲ್ಲೇ ಇರಲಿ. ಅದು ನೊಮೂರಿಯಾ ಅನ್ನೋ ಶಿಲೀಂಧ್ರ ಇರಬೇಕು, ಮೋಡ ಮುಸುಕಿದ ಜಿಟಿಜಿಟಿ ಮಳೆಯಲ್ಲಿ ತಾನಾಗಿಯೇ ಹಬ್ಬುತ್ತೆ. ನಾಲ್ಕು ದಿನಕ್ಕೆ ಹಸಿರು ಪುಡಿ ಆಗುತ್ತೆ, ಗಾಳಿಗೆ ಹಾರಿ ಪಕ್ಕದ ಹುಳಕ್ಕೂ ಹತ್ತುತ್ತೆ. ಅದನ್ನೇ ಪುಡಿ ಮಾಡಿ ಮಾರುತ್ತಾರೆ, ನಿಂಗೆ ಪುಕ್ಕಟೆ ಬಂದಿದೆ. ಹುಳ ಇರೋ ಗಿಡ ಏಳೇ, ಹತ್ತು ದಾಟಿಲ್ಲ, ಸದ್ಯ ಎಣ್ಣೆ ಬೇಡ. ಮೂರು ದಿನ ಬಿಟ್ಟು ಮತ್ತೆ ಎಣಿಸು. ಎಲೆ ಮೇಲೆ ಕೂದಲು ಹೊದ್ದ ಮೊಟ್ಟೆ ಗುಂಪು ಕಂಡರೆ ಕೈಯಲ್ಲೇ ಹೊಸಕಿಬಿಡು.

ಮಣ್ಣಿನ ಮಗಳು:
ನೀರು ನಿಂತ ಜಾಗಕ್ಕೆ ಯೂರಿಯಾ ಎರಚಬೇಡಿ, ನೀರು ಇಳಿದ ಮೇಲೆ ಗಿಡದ ಬುಡಕ್ಕೆ ಹಾಕಿ ಎಡೆ ಹೊಡೆಯಿರಿ (ಸಾಲಿನ ನಡುವೆ ಕುಂಟೆ ಆಡಿಸಿ). ಆ ಮೂರನೇ ಬಾಟಲಿ ಯಾವುದು ಅಂತ ಫೋಟೋ ಹಾಕ್ತೀರಾ?

ಬದುವಿನ ಮೇಲೆ:
ತಂದೇ ಇಲ್ಲ ಅಕ್ಕಾ, ಪರ್ಸ್ ಮನೇಲಿ ಮರೆತಿದ್ದೆ.