ಈ ವಾರದ ಸಮಸ್ಯೆ: ಊದಿದರೆ ಹಾರಿತೈ ತೊಲದ ಬಂಗಾರ

ವಿಜಯಪುರದಿಂದ (ಸಮಸ್ಯೆ ಕೊಟ್ಟವರು):
ಐದೈದು ಮಾತ್ರೆಯ ಚೌಪದಿ. ಕೊನೆಯ ಸಾಲು ನನ್ನದು, ಮೇಲಿನ ಮೂರು ನಿಮ್ಮವು. ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರ, ದಕಾರ; ಬಿಡಬ್ಯಾಡ್ರಿ. ನೀರಿಗಿಂತ 19.3 ಪಟ್ಟು ತೂಗುವ ಲೋಹ ಬರೀ ಉಸಿರಿಗೆ ಹೇಗೆ ಹಾರೀತು? ಗಂಟು ಇರುವುದು ಅಲ್ಲೇ.

ಜಮಖಂಡಿಯಿಂದ:
ಕಾದ ಚಿನ್ನವ ಬಡಿದು ಬಡಿದು ರೇಕನು ಮಾಡಿ
ಮೇದಿನಿಯ ಭಾರವನೆ ಮರೆಸಿ ಪತ್ತಾರ
ಹಾದಿಯಗಲಕೆ ಹಾಸೆ, ಬೆರಗಿನಲಿ ಮಗಳೊಮ್ಮೆ
ಊದಿದರೆ ಹಾರಿತೈ ತೊಲದ ಬಂಗಾರ

ವಿಜಯಪುರದಿಂದ:
ಭೇಷ್! 'ಹಾದಿಯಗಲಕೆ' ಎಂಬುದು ಬರೀ ಕವಿಮಾತಲ್ಲ. ಒಂದು ಗ್ರಾಂ ಬಂಗಾರ ಬಡಿದರೆ ಸುಮಾರು ಒಂದು ಚದರ ಮೀಟರಿನಷ್ಟು ಹರಡುತ್ತದೆ. ತೊಲ ಅಂದರೆ 11.66 ಗ್ರಾಂ. ಪಡಸಾಲಿ ತುಂಬ ಹಾಸಬಹುದು.

ಇಳಕಲ್ಲಿನಿಂದ:
ಅಣ್ಣಾರ, ನಮ್ಮ ಮನ್ಯಾಗ ಅಜ್ಜನ ಕಾಲದಿಂದ ಪತ್ತಾರಿಕಿ. ಪದ್ಯ ಚಂದ ಐತಿ, ಆದ್ರ ಕಾದ ಬಂಗಾರ ಯಾರೂ ಬಡಿಯೂದಿಲ್ರಿ. ಬಡದಂಗ ಬಡದಂಗ ಅದು ಬಿರುಸಾಗತೈತಿ. ಆಗ ಕೆಂಪಗ ಕಾಸಿ, ಆರಿಸಿ, ಮತ್ತ ಬಡೀಬೇಕು. 'ಕಾದು ತಣಿದುದ ಬಡಿದು' ಅಂತ ಮಾಡ್ರಿ.

ಜಮಖಂಡಿಯಿಂದ:
ತಿದ್ದಿದೆ, ಕಾಕಾ. ಪ್ರಾಸವೂ ಉಳಿಯಿತು, ಮಾತ್ರೆಯೂ ಉಳಿಯಿತು. ನಾನು ಎರಡು ದಿನ ಕೂತರೂ ಆ ಶಬ್ದ ಹೊಳೆದಿರಲಿಲ್ಲ.

ಬಾದಾಮಿಯಿಂದ:
ಸೋದರಿಯು ಕೈಗಿತ್ತ ಬನ್ನಿಯೆಲೆ ದಸರೆಯಲಿ
ಆದರದ ತಕ್ಕಡಿಗೆ ಬಲು ಭಾರ ಭಾರ
ಹಾದಿಧೂಳನು ಕೊಡವಿ ಕಣ್ಣಿಗೊತ್ತುವೆನೆಂದು
ಊದಿದರೆ ಹಾರಿತೈ ತೊಲದ ಬಂಗಾರ

ವಿಜಯಪುರದಿಂದ:
ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ರಘುರಾಜನಿಗೆ ಅಂಜಿ ಕುಬೇರ ಬನ್ನಿಗಿಡದ ಮೇಲೆ ಹೊನ್ನು ಸುರಿಸಿದ ಕಥೆ ನಮ್ಮಜ್ಜ ಹೇಳುತ್ತಿದ್ದ, ಕೌತ್ಸನೆಂಬ ಶಿಷ್ಯನ ಗುರುದಕ್ಷಿಣೆಗಾಗಿ. ಅಂದಿನಿಂದ ಎಲೆಯೇ ಬಂಗಾರ. 'ಬನ್ನಿ ತಗೊಂಡು ಬಂಗಾರದ್ಹಂಗ ಇರೋಣ' ಅಂತ ಕೈಗಿಟ್ಟ ಎಲೆಯನ್ನು ನಮ್ಮಲ್ಲಿ ಯಾರೂ ತೂಗಿ ನೋಡುವುದಿಲ್ಲ. ನೀವು ತಕ್ಕಡಿ ತಂದು 'ತೊಲ' ಎಂಬ ಮಾತಿಗೂ ಜಾಗ ಮಾಡಿದಿರಿ. ಈ ವಾರದ ಪೂರಣ ನನ್ನ ಪಾಲಿಗೆ ಇದೇ.

ಗೋಕಾಕದಿಂದ:
'ತೊಲದ' ಬದಲು 'ಹೊನ್ನ' ಎಂದಿದ್ದರೆ? ಹೊನ್ನು ಲೋಹವೂ ಹೌದು, ನಾಣ್ಯವೂ ಹೌದು. ಶಾಸನಗಳಲ್ಲಿ ಎಷ್ಟೋ ದತ್ತಿ ಬಿಟ್ಟದ್ದು ಹೊನ್ನು, ಗದ್ಯಾಣಗಳಲ್ಲೇ ಅಲ್ಲವೇ?

ವಿಜಯಪುರದಿಂದ:
ಅರ್ಥ ಹಿಗ್ಗುತ್ತದೆ ನಿಜ. ಆದರೆ ನನಗೆ ತೂಕ ಬೇಕಿತ್ತು. ಯಾಕೆಂದು ನನ್ನ ಪೂರಣದಲ್ಲಿದೆ:

ಓದಿಗೆಂದವ್ವ ಕೊರಳಿನ ಬೋರಮಾಳವನು
ಕಾದ ಮೂಸೆಗೆ ಕೊಟ್ಟಳೆಂಥ ಸಂಸಾರ
ವೇದನೆಯ ನುಂಗಿ ಪತ್ತಾರ ಕೊಳವಿಯ ಹಿಡಿದು
ಊದಿದರೆ ಹಾರಿತೈ ತೊಲದ ಬಂಗಾರ

ಇಳಕಲ್ಲಿನಿಂದ:
ತಮ್ಮಾ, ಬೆಂಕ್ಯಾಗ ಬಂಗಾರ ಹಾರೂದಿಲ್ಲ. 1064 ಡಿಗ್ರಿಗೆ ಕರಗತೈತಿ, ಆದ್ರ ಸುಡೂದಿಲ್ಲ, ಕಿಲುಬು ಹಿಡಿಯೂದಿಲ್ಲ. ಬೋರಮಾಳದ ಗುಂಡಿನೊಳಗಿನ ಅರಗು ಅಷ್ಟ ಉರದು ಹೋಗಿರತೈತಿ. ಆ ತೊಲ ಇನ್ನೂ ಯಾರದೋ ಕೊರಳಾಗ ಐತಿ ನೋಡು.

ವಿಜಯಪುರದಿಂದ:
ಹೌದು ಕಾಕಾ. ಆವತ್ತು ಮೂಸೆಯಿಂದ ಬಿದ್ದ ಗುಂಡು ಹುಣಸಿಬೀಜದಷ್ಟಿತ್ತು. ಅವ್ವ ಅದನ್ನೊಮ್ಮೆ ಅಂಗೈಯಲ್ಲಿ ಇಟ್ಟುಕೊಂಡು ನೋಡಿ, ತಿರುಗಿ ಕೊಟ್ಟಳು.