ಸ್ಟೋಕ್‌ಸೇ ಮ್ಯಾನರ್‌ಗೆ ನಿಜವಾದ ಮಾಲೀಕ ಯಾರು?

ಪ್ರಶ್ನೆ: ಸರ್, ನಾವು ಬರ್ಮಿಂಗ್‌ಹ್ಯಾಮ್‌ನಲ್ಲಿದ್ದೇವೆ. ಹೋದ ಭಾನುವಾರ ಮಕ್ಕಳ ಜೊತೆ ಶ್ರಾಪ್‌ಶೈರ್‌ನ ಸ್ಟೋಕ್‌ಸೇ ಕೋಟೆ ನೋಡಿ ಬಂದೆವು. ಮನೆಗೆ ಬಂದು ಅದಿರುವ ಮ್ಯಾನರ್‌ನ (ಒಬ್ಬ ಪ್ರಭುವಿನ ಕೈಲಿದ್ದ ಜಮೀನಿನ) ಚರಿತ್ರೆ ಓದಿದರೆ ತಲೆ ಕೆಟ್ಟಿತು. 1086ರಲ್ಲಿ ಲೇಸಿ ಮನೆತನದ್ದು ಅಂತಿದೆ. ಆಮೇಲೆ ಸೇ ಮನೆತನದ್ದು ಅಂತಿದೆ. ನಡುವೆ ಯಾರೂ ಯಾರಿಗೂ ಮಾರಿದ ಸುದ್ದಿಯೇ ಇಲ್ಲ! ಈಗ ಕಾಣುವ ಮನೆ ಕಟ್ಟಿಸಿದವನು ಉಣ್ಣೆ ವ್ಯಾಪಾರಿಯಂತೆ. ನೀವು ಹಳೇ ಭೂದಾಖಲೆ ಓದುವವರು, ಸ್ವಲ್ಪ ಬಿಡಿಸಿ ಹೇಳ್ತೀರಾ?

ಉತ್ತರ: ‘ಮಾಲೀಕ’ ಅನ್ನೋ ಪದ ಪಕ್ಕಕ್ಕಿಡಿ, ಅರ್ಧ ಗೊಂದಲ ಹೋಗುತ್ತೆ. 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಇಂಗ್ಲೆಂಡಿನ ನೆಲವೆಲ್ಲ ಲೆಕ್ಕಕ್ಕೆ ರಾಜನದು. ಉಳಿದವರೆಲ್ಲ ಇನ್ನೊಬ್ಬರ ಕೈಕೆಳಗೆ ಅದನ್ನು ‘ಹಿಡಿದವರು’. ಲೇಸಿಯವರು ರಾಜನ ಕೈಕೆಳಗೆ ಹಿಡಿದರು. 12ನೇ ಶತಮಾನದ ಆರಂಭದಿಂದ ಸೇ ಮನೆತನದವರು ಲೇಸಿಯವರ ಕೈಕೆಳಗೆ ಹಿಡಿದರು. ಅದರ ಕೆಳಗೆ ಉಳುವ ರೈತರು. ನೀವು ಓದಿದ್ದು ಎರಡೂ ನಿಜ, ಒಂದೇ ಕಾಲಕ್ಕೆ ನಿಜ. ಮಾರಾಟ ಸಿಗದಿರೋದು ಅದಕ್ಕೇ.

1240ರ ಸುಮಾರಿಗೆ ಸೇ ಮನೆತನದವರ ಹಕ್ಕು ಜಾನ್ ಡಿ ವರ್ಡನ್ ಕೈಗೆ ಬಂತು. ಅವನ ಹೆಂಡತಿ ವಾಲ್ಟರ್ ಡಿ ಲೇಸಿಯ ಮೊಮ್ಮಗಳು. ಅಂದರೆ ಮೇಲಿನ ಮನೆಯ ನಂಟನೇ ಕೆಳಗಿನ ಹಕ್ಕನ್ನೂ ಹಿಡಿದ. 1270ರಲ್ಲಿ ಜಾನ್ ಧರ್ಮಯುದ್ಧಕ್ಕೆ (ಕ್ರೂಸೇಡ್‌ಗೆ) ಹೊರಟ. ಹೊರಡುವಾಗ ಈ ಜಮೀನನ್ನು ಫಿಲಿಪ್ ಅನ್ನುವವನಿಗೆ ಆಜೀವ ಗೇಣಿಗೆ ಬಿಟ್ಟ. ಜಾನ್ 1274ರಲ್ಲಿ ತೀರಿಕೊಂಡ. ಈಗ ನೋಡಿ, ಹಕ್ಕು ಮಗ ಥಿಯೊಬಾಲ್ಡ್‌ನದು, ಅನುಭೋಗ ಫಿಲಿಪ್‌ನದು. 1281ರಲ್ಲಿ ಲುಡ್ಲೋ ಊರಿನ ಲಾರೆನ್ಸ್, ಅದೇ ನೀವು ಹೇಳಿದ ಉಣ್ಣೆ ವ್ಯಾಪಾರಿ, ಕೊಳ್ಳಲು ಬಂದಾಗ ಇಬ್ಬರ ಹತ್ತಿರವೂ ಬಿಡಿಸಿಕೊಳ್ಳಬೇಕಾಯ್ತು.

ಪ್ರಶ್ನೆ: ವ್ಯಾಪಾರಿಗೆ ಕೋಟೆ ಕಟ್ಟೋಕೆ ಬಿಟ್ಟರಾ? ಪ್ಲಾನ್ ಸ್ಯಾಂಕ್ಷನ್ ತರಹ ಏನಾದರೂ ಇತ್ತಾ?

ಉತ್ತರ: ಇತ್ತು! ಗೋಡೆಗೆ ತೆನೆ (ಕೋಟೆಗಿರುವಂಥ ಹಲ್ಲುಹಲ್ಲಿನ ಅಂಚು) ಕಟ್ಟೋಕೆ ರಾಜನ ಅಪ್ಪಣೆ ಬೇಕು. ಲಾರೆನ್ಸ್‌ಗೆ 1291ರಲ್ಲಿ ಸಿಕ್ಕಿತು. ಯಾಕೆ ಸಿಗಲ್ಲ? ರಾಜ ಒಂದನೇ ಎಡ್ವರ್ಡ್‌ಗೇ ಸಾಲ ಕೊಟ್ಟವನು. ಆದರೆ ಆ ದೊಡ್ಡ ಹಜಾರದ ಕಿಟಕಿ ನೋಡಿದಿರಲ್ವಾ? ಅಷ್ಟಗಲ ಕಿಟಕಿ ಇಟ್ಟವನು ಮುತ್ತಿಗೆಗೆ ಹೆದರಿದವನಲ್ಲ. ನನಗೆ ಕೇಳಿದರೆ ಅದು ಕೋಟೆಯ ವೇಷ ಹಾಕಿದ ಶ್ರೀಮಂತನ ಮನೆ.

ಸುಖ ಜಾಸ್ತಿ ದಿನ ಉಳೀಲಿಲ್ಲ. 1294ರಲ್ಲಿ ರಾಜ ಉಣ್ಣೆ ಮೇಲೆ ಭಾರಿ ಸುಂಕ ಹಾಕಿದ. ಅದರ ಹಿಂದೆ ಲಾರೆನ್ಸ್‌ನ ಕೈ ಇತ್ತು. ಅದೇ ವರ್ಷ ನವೆಂಬರಿನಲ್ಲಿ ಉಣ್ಣೆ ಸಾಗಿಸುವಾಗ ಸಫೋಕ್ ಕರಾವಳಿ ಹತ್ತಿರ ಹಡಗು ಮುಳುಗಿ ಸತ್ತ. ಉಣ್ಣೆಯವರಿಗೆ ಮಾಡಿದ ಪಾಪಕ್ಕೆ ಉಣ್ಣೆ ಹಡಗಲ್ಲೇ ಹೋದ ಅಂತ ಡನ್‌ಸ್ಟೆಬಲ್ ಮಠದವರು ಬರೆದಿಟ್ಟಿದ್ದಾರೆ. ಆದರೂ ಅವನ ವಂಶದವರು ಸುಮಾರು 200 ವರ್ಷ ಅಲ್ಲೇ ಇದ್ದರು. ಆಮೇಲೆ ಹೆಣ್ಣುಮಕ್ಕಳ ಕಡೆಯಿಂದ ವರ್ನನ್ ಮನೆತನಕ್ಕೆ, 1620ರಲ್ಲಿ ಕ್ರೇವನ್‌ರಿಗೆ, 1869ರಲ್ಲಿ ಜಾನ್ ಡರ್ಬಿ ಆಲ್‌ಕ್ರಾಫ್ಟ್‌ಗೆ. ಇದೆಲ್ಲ ಮಾಮೂಲಿ ಕ್ರಯ, ಮದುವೆ.

ಪ್ರಶ್ನೆ (ಇನ್ನೊಬ್ಬ ಸದಸ್ಯೆ): ಇಂಥ ಹಳೇ ವ್ಯವಹಾರಗಳ ದಾಖಲೆ ಹೇಗೆ ಉಳೀತು ಸರ್? ಖೋಟಾ ಮಾಡ್ತಿರಲಿಲ್ವಾ?

ಉತ್ತರ: ಮಾಡ್ತಿದ್ದರು ಮೇಡಂ, ಅದಕ್ಕೇ ಒಂದು ಉಪಾಯ ಇತ್ತು. ಕೊಡುವವನೂ ಕೊಳ್ಳುವವನೂ ಮೊದಲೇ ಮಾತಾಡಿಕೊಂಡು ರಾಜನ ಕೋರ್ಟಿನಲ್ಲಿ ಸುಮ್ನೆ ಒಂದು ದಾವೆ ಹಾಕುವುದು, ರಾಜಿ ಆಗುವುದು. ಆ ರಾಜಿಯನ್ನು ಒಂದೇ ಚರ್ಮದ ಹಾಳೆ ಮೇಲೆ ಮೂರು ಸಲ ಬರೆಯುತ್ತಿದ್ದರು. ಮೇಲೆ ಅಕ್ಕಪಕ್ಕ ಎರಡು, ಕೆಳಗೆ ಅಡ್ಡಕ್ಕೆ ಒಂದು. ಆಮೇಲೆ ಹಾವಿನ ಹಾಗೆ ಅಂಕುಡೊಂಕಾಗಿ ಕತ್ತರಿಸುವುದು. ಮೇಲಿನ ಎರಡು ಚೂರು ಇಬ್ಬರಿಗೆ, ಕೆಳಗಿನ ‘ಪಾದ’ ಕೋರ್ಟಿಗೆ. ತಕರಾರು ಬಂದರೆ ಅಂಚಿಗೆ ಅಂಚು ಕೂಡಿಸಿ ನೋಡಬಹುದು. 1195ರಿಂದ ಕೋರ್ಟು ಪಾದಗಳನ್ನು ತಪ್ಪದೆ ಇಟ್ಟುಕೊಂಡಿತು. ಈಗ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಫ್ತರಖಾನೆಯಲ್ಲಿವೆ.

ಪ್ರಶ್ನೆ (ಮೊದಲಿನವರು): ಕೊನೇದು ಸರ್. ‘ಲಾರ್ಡ್ ಆಫ್ ದಿ ಮ್ಯಾನರ್’ ಪಟ್ಟ ಆನ್‌ಲೈನಲ್ಲಿ ಮಾರಾಟಕ್ಕಿದೆ. ನಮ್ಮ ಭಾವ ತಗೊಳ್ಳೋಣ ಅಂತಿದ್ದಾರೆ.

ಉತ್ತರ: ಪಟ್ಟ ಕೊಂಡರೆ ಮನೆ ಬರಲ್ಲ, ಜಮೀನೂ ಬರಲ್ಲ, ಪಾರ್ಲಿಮೆಂಟಿನಲ್ಲಿ ಕುರ್ಚಿಯಂತೂ ಇಲ್ಲವೇ ಇಲ್ಲ. ಭೂನೋಂದಣಿ ಇಲಾಖೆ 2003ರ ಅಕ್ಟೋಬರಿನಿಂದ ಇಂಥ ಪಟ್ಟಗಳನ್ನು ಹೊಸದಾಗಿ ನೋಂದಾಯಿಸುವುದನ್ನೂ ನಿಲ್ಲಿಸಿದೆ. ದುಡ್ಡು ಕೊಡೋ ಮುಂಚೆ ಮೂಲ ಕಾಗದಗಳನ್ನು ವಕೀಲರಿಗೆ ತೋರಿಸೋಕೆ ಹೇಳಿ.